ನಾಯಿಗಳ ಜೊತೆ ಕೆನಡಾ ಪ್ರೇರೀಸ್: ಬಾಡಿಗೆ ಮೋಟರ್‌ಹೋಮ್ ತಗೊಂಡು ಕ್ಯಾಲ್ಗರಿಯಿಂದ ವಿನ್ನಿಪೆಗ್‌ವರೆಗೆ ಹೋಗಿ ಬಂದ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಮನೇಲಿ ನಾಯಿ ಇದ್ದು ಬೇಸಿಗೇಲಿ ಪ್ರೇರೀಸ್ (ಕೆನಡಾದ ಹುಲ್ಲು ಬಯಲು ಸೀಮೆ) ದಾಟೋ ಯೋಚನೆ ಇದ್ರೆ ಮೋಟರ್‌ಹೋಮ್, ಅಂದ್ರೆ ಒಳಗೇ ಹಾಸಿಗೆ ಅಡುಗೆಮನೆ ಎಲ್ಲ ಇರೋ ಗಾಡಿ, ಬಾಡಿಗೆಗೆ ತಗೊಳ್ಳಿ. ದುಡ್ಡು ಜಾಸ್ತಿನೇ ಆಗುತ್ತೆ, ಆದ್ರೂ ತಗೊಳ್ಳಿ. ಆದ್ರೆ ಎಷ್ಟು ಬೆಡ್ ಇದೆ, ಟಿವಿ ಎಷ್ಟು ದೊಡ್ದು ಅಂತ ನೋಡಿ ಆರಿಸ್ಬೇಡಿ. ಎಸಿ ಹೆಂಗೆ ಓಡುತ್ತೆ, ಜನರೇಟರ್ ಇದ್ಯಾ, ನೆಲಕ್ಕೆ ಏನು ಹಾಕಿದಾರೆ, ಹತ್ತೋ ಮೆಟ್ಲು ಹೆಂಗಿದೆ, ಇಷ್ಟು ನೋಡಿ ಆರಿಸಿ. ಯಾಕಂದ್ರೆ ಆ ಬಯಲಲ್ಲಿ ನಾಯಿಗೆ ನೆರಳು ಅಂತ ಸಿಗೋದು ಈ ಗಾಡಿ ಒಳಗೆ ಮಾತ್ರ.

ನಾವು ಸಾಗರದ ಕಡೆಯವರು, ಈಗ ಕ್ಯಾಲ್ಗರೀಲಿದೀವಿ. ಕಾಡು ಗುಡ್ಡ ಮಳೆ ನೋಡಿ ಬೆಳೆದವರಿಗೆ ಮೆಡಿಸಿನ್ ಹ್ಯಾಟ್ ಅನ್ನೋ ಊರು ದಾಟಿದ ಮೇಲಿನ ಆ ಬಯಲು ಎದೆ ಝಲ್ ಅನ್ನಿಸುತ್ತೆ, ಒಂದು ಮರ ಇಲ್ಲ, ರಸ್ತೆ ನೆಟ್ಟಗೆ ಹೋಗಿ ಆಕಾಶಕ್ಕೆ ಸೇರ್ಕೊಳ್ಳುತ್ತೆ ಅಷ್ಟೇ. ತುಂಬಾ ಚೆಂದ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಜುಲೈಲಿ ಅಲ್ಲಿ 35 ಡಿಗ್ರಿ ದಾಟೋದು ಹೊಸದಲ್ಲ, ನಾಯೀನ ಕಾರಲ್ಲಿ ಬಿಟ್ಟು ಹತ್ತು ನಿಮಿಷ ಊಟಕ್ಕೆ ಇಳಿಯೋ ಹಾಗೂ ಇಲ್ಲ. ಟೆಂಟ್ ಹಾಕೋಣ ಅಂದ್ರೆ ಆ ಗಾಳಿಗೆ ರಾತ್ರಿ ಪೂರ್ತಿ ಪಟಪಟ ಸದ್ದು, ನಮ್ಮ ಕರಿಯನಿಗೆ (ಲ್ಯಾಬ್ರಡಾರ್, ವಯಸ್ಸಾಗಿದೆ, ಹಿಂದಿನ ಕಾಲು ಹಿಡ್ಕೊಳ್ಳುತ್ತೆ) ನಿದ್ದೆನೇ ಬರಲ್ಲ. ಇನ್ನೊಬ್ಬಳು ಪುಟ್ಟಿ, ಬೀಗಲ್, ಮೂಗಿಗೆ ಏನಾದ್ರೂ ವಾಸನೆ ಬಿದ್ರೆ ಹೆಸರು ಕರೆದ್ರೂ ಕಿವಿ ಕೇಳ್ಸಲ್ಲ. ಈ ಇಬ್ಬರನ್ನ ಕರ್ಕೊಂಡು ದಿನಕ್ಕೊಂದು ಮೋಟೆಲಲ್ಲಿ ನಾಯಿ ಬಿಡ್ತೀರಾ ಅಂತ ಕೇಳ್ಕೊಂಡು ಓಡಾಡೋದು ನನ್ನ ಕೈಲಿ ಆಗಲ್ಲ.

ಗಾಡಿ ಬಗ್ಗೆ. ನಾವು ತಗೊಂಡಿದ್ದು ಕ್ಲಾಸ್ ಸಿ, ಅಂದ್ರೆ ಡ್ರೈವರ್ ತಲೆ ಮೇಲೆ ಒಂದು ಹಾಸಿಗೆ ಚಾಚ್ಕೊಂಡಿರೋ ತರದ್ದು, 28 ಅಡಿ, ಫೋರ್ಡ್ ಇ-450 ಚಾಸಿ ಮೇಲೆ ಕಟ್ಟಿದ್ದು, 7.3 ಲೀಟರ್ ವಿ8 ಪೆಟ್ರೋಲ್ ಎಂಜಿನ್. ಆಲ್ಬರ್ಟಾದ ಮಾಮೂಲಿ ಕ್ಲಾಸ್ 5 ಲೈಸೆನ್ಸ್ ಸಾಕು, ಬೇರೆ ಏನೂ ಬೇಡ. ಎಂಜಿನ್ ಬಗ್ಗೆ ಒಂದೇ ಒಂದು ದೂರಿಲ್ಲ, ಆರಾಮಾಗಿ ಎಳೆಯುತ್ತೆ. ಲೀಟರಿಗೆ ನಾಲ್ಕು ಕಿಲೋಮೀಟರ್ ಆಸುಪಾಸು, ಪಶ್ಚಿಮದಿಂದ ಗಾಳಿ ಬೀಸ್ತಿರುವಾಗ ವಾಪಸ್ ಬರ್ತಿದ್ರೆ ಮೂರು ಚಿಲ್ಲರೆ. ಕ್ಯಾಲ್ಗರಿಯಿಂದ ವಿನ್ನಿಪೆಗ್ ಒಂದು ಕಡೆಗೇ 1,300 ಕಿಲೋಮೀಟರ್ ಚಿಲ್ಲರೆ, ಅಲ್ಲಿ ಇಲ್ಲಿ ಒಳಗೆ ಹೋಗಿ ಬಂದು ಸೇರಿಸಿದ್ರೆ ಹೋಗಿ ಬರೋಕೆ 3,000 ಅಂತ ಇಟ್ಕೊಳ್ಳಿ, ಅಂದ್ರೆ 750 ಲೀಟರ್ ಪೆಟ್ರೋಲ್. ಬಾಡಿಗೆಗಿಂತ ಮುಂಚೆ ಈ ಲೆಕ್ಕ ಹಾಕಿ. ಇನ್ನು ಗಾಳಿ ಅಡ್ಡ ಹೊಡೆದ್ರೆ ಇಷ್ಟು ಎತ್ತರದ ಗಾಡಿ ತೂಗುತ್ತೆ, ಎದುರಿಂದ ದೊಡ್ಡ ಟ್ರಕ್ ಪಾಸಾದ್ರೆ ಒಂದು ಸಲ ತಳ್ಳಿದ ಹಾಗೆ ಆಗುತ್ತೆ. ಹೈವೇ ಲಿಮಿಟ್ 110 ಇದ್ರೂ ನಮ್ಮನೇವ್ರು 95ರ ಮೇಲೆ ಹೋಗ್ಲೇ ಇಲ್ಲ, ನಾಯಿಗಳು ನೆಮ್ಮದಿಯಾಗಿ ಮಲಗಿದ್ದಕ್ಕೆ ಅದೂ ಒಂದು ಕಾರಣ.

ಈಗ ಎಸಿ ವಿಷ್ಯ, ಇದೇ ಮುಖ್ಯ, ಸ್ವಲ್ಪ ಉದ್ದ ಬರೀತೀನಿ ಬೇಜಾರು ಮಾಡ್ಕೋಬೇಡಿ. ಈ ಗಾಡೀಲಿ ಎರಡು ಎಸಿ. ಒಂದು ಡ್ಯಾಶ್‌ಬೋರ್ಡಲ್ಲಿರೋದು, ಎಂಜಿನ್ ಓಡುವಾಗ ಮುಂದೆ ಕೂತವರಿಗೆ ತಣ್ಣಗೆ ಮಾಡುತ್ತೆ, ಅದು ಹಿಂದೆ ಮಲಗಿರೋ ನಾಯಿ ತನಕ ಬರೋದೇ ಇಲ್ಲ. ಇನ್ನೊಂದು ಚಾವಣಿ ಮೇಲಿಂದು, ಅದು ಮನೆ ಕರೆಂಟಲ್ಲಿ ಓಡೋದು, ಅಂದ್ರೆ ಕ್ಯಾಂಪ್‌ಗ್ರೌಂಡ್ ಪ್ಲಗ್ಗಿಗೆ ಹಾಕಿರ್ಬೇಕು, ಇಲ್ಲಾ ಜನರೇಟರ್ ಓಡ್ತಿರ್ಬೇಕು. ಬಿಸಿಲಿರೋ ದಿನ ಓಡಿಸ್ತಾನೇ ಜನರೇಟರ್ ಹಾಕಿ ಚಾವಣಿ ಎಸಿ ಬಿಡಬೇಕು, ಆಗ ಮಾತ್ರ ಹಿಂದೆ ತಂಪಿರುತ್ತೆ. ಬಾಡಿಗೆ ಕೊಡೋವ್ರು ಇದನ್ನ ಹೇಳಲ್ಲ, ನಮ್ಗೆ ಗಾಡಿ ತೋರಿಸಿದ ಹುಡುಗ ಡ್ಯಾಶ್ ಎಸಿ ಸಾಕು ಅಂತ್ಲೇ ಹೇಳಿದ್ದ. ಜನರೇಟರ್ ಗಂಟೆಗಿಷ್ಟು ಅಂತ ಚಾರ್ಜ್ ಮಾಡ್ತಾರೆ, ಅನ್‌ಲಿಮಿಟೆಡ್ ಪ್ಯಾಕೇಜ್ ಇದ್ರೆ ಕಣ್ಮುಚ್ಚಿ ಅದನ್ನ ತಗೊಳ್ಳಿ. ಅದು ಗಾಡಿ ಟ್ಯಾಂಕಿಂದಲೇ ಪೆಟ್ರೋಲ್ ಎಳ್ಕೊಳ್ಳುತ್ತೆ, ಟ್ಯಾಂಕ್ ಕಾಲು ಭಾಗಕ್ಕೆ ಇಳಿದ್ರೆ ತಾನಾಗೇ ನಿಂತೋಗುತ್ತೆ, ನೀವು ದಾರಿ ಮಧ್ಯ ಸಿಕ್ಕಾಕ್ಕೋಬಾರ್ದು ಅಂತ ಹಂಗೆ ಮಾಡಿರೋದು. ಸೋ ನಾಯಿ ಇದ್ರೆ ಅರ್ಧ ಟ್ಯಾಂಕಿಗೇ ಬಂಕ್ ಹುಡುಕೋದು ಶುರು ಮಾಡಿ.

ಕ್ಯಾಂಪ್‌ಗ್ರೌಂಡಲ್ಲಿ 30 ಆಂಪ್ ಪಾಯಿಂಟ್ ಇರೋ ಸೈಟೇ ಬುಕ್ ಮಾಡಿ. ಎಸಿ ಒಂದೇ ಅದ್ರಲ್ಲಿ ಹತ್ತತ್ರ ಅರ್ಧ ತಿನ್ನುತ್ತೆ, ಅದರ ಜೊತೆ ಮೈಕ್ರೋವೇವು, ಮೇಲೆ ಎಲೆಕ್ಟ್ರಿಕ್ ಕೆಟಲ್ಲು ಅಂತ ಹಾಕಿದ್ರೆ ಬ್ರೇಕರ್ ಟಕ್ ಅಂತ ಬೀಳುತ್ತೆ. ಮನುಷ್ಯರು ಒಳಗಿದ್ರೆ ಎದ್ದು ಹಾಕ್ತೀವಿ, ನಾಯಿಗಳನ್ನ ಬಿಟ್ಟು ಹೊರಗೆ ಹೋದಾಗ ಹಂಗಾದ್ರೆ? ಬಿಸಿಲಿಗೆ ಆ ಡಬ್ಬ ಒಲೆ ಆಗುತ್ತೆ. ಅದಕ್ಕೆ ಹೊರಡೋ ಮುಂಚೆ ಎಸಿ ಬಿಟ್ಟು ಮಿಕ್ಕಿದ್ದೆಲ್ಲ ಪ್ಲಗ್ ಕಿತ್ತು ಹೋಗೋದು, ಕಿಟಕಿಗೆಲ್ಲ ಬಿಸಿಲು ತಡೆಯೋ ಬೆಳ್ಳಿ ಶೀಟ್ ಹಾಕೋದು. ಹಳೇ ಕ್ಯಾಂಪ್‌ಗ್ರೌಂಡಲ್ಲಿ 15 ಆಂಪ್ ಮಾತ್ರ ಇರೋ ಸೈಟ್ ಸಿಗುತ್ತೆ, ಫೋನ್ ಚಾರ್ಜಿಗೆ ಓಕೆ, ಎಸಿಗೆ ನಂಬಬೇಡಿ. ಸಿಮ್ ಇರೋ ಟೆಂಪರೇಚರ್ ಮಾನಿಟರ್ ಸಿಗುತ್ತೆ, ಒಳಗೆ ಸೆಕೆ ಏರಿದ್ರೆ ಫೋನಿಗೆ ಮೆಸೇಜ್ ಕಳಿಸೋದು, ಊರುಗಳ ಹತ್ರ ಚೆನ್ನಾಗಿ ಕೆಲ್ಸ ಮಾಡ್ತು, ಸಿಗ್ನಲ್ ಇಲ್ದೇ ಇರೋ ಕಡೆ ಅದು ಇದ್ರೂ ಒಂದೇ ಇಲ್ದಿದ್ರೂ ಒಂದೇ. ಅಂಥ ಜಾಗದಲ್ಲಿ ನಮ್ಮಿಬ್ಬರಲ್ಲಿ ಒಬ್ಬರು ನಾಯಿಗಳ ಜೊತೆ ಇರ್ಲೇಬೇಕು ಅಂತ ಮೊದ್ಲೇ ಮಾತಾಡ್ಕೊಂಡಿದ್ವಿ.

ಬಾಡಿಗೆ ಕಂಪನಿ ಹೆಸರು ಬರೆಯಲ್ಲ, ಆದ್ರೆ ಎರಡು ವಿಷ್ಯಕ್ಕೆ ನಂಗೆ ನಿಜವಾಗ್ಲೂ ಸಿಟ್ಟಿದೆ. ಒಂದು ಮೆಟ್ಲು. ಬಾಗಿಲಿಂದ ಕೆಳಗೆ ಮಡಚೋ ಮೆಟ್ಲು ಕಬ್ಬಿಣದ ಜಾಲರಿ, ತೂತು ತೂತು, ಮಧ್ಯಾಹ್ನ ಕಾದಿರುತ್ತೆ. ಕರಿಯ ಒಂದು ಸಲ ಪಾದ ಇಟ್ಟು ನೋಡಿ ಮತ್ತೆ ಹತ್ಲೇ ಇಲ್ಲ. ಮೂವತ್ತು ಕೆಜಿ ನಾಯೀನ ಎತ್ತಿ ಇಳಿಸಿ ನಮ್ಮನೇವ್ರ ಬೆನ್ನು ಹೋಯ್ತು, ಆಮೇಲೆ ಸ್ವಿಫ್ಟ್ ಕರೆಂಟ್ ಅನ್ನೋ ಊರಲ್ಲಿ ಹೊರಾಂಗಣಕ್ಕೆ ಹಾಕೋ ಕಾರ್ಪೆಟ್ ತುಂಡು ತಗೊಂಡು ಮೆಟ್ಲಿಗೆ ಸುತ್ತಿ ಕಟ್ಟಿದ್ವಿ, ಆಗ ಹತ್ತಿದ. ಪೆಟ್ ಫ್ರೆಂಡ್ಲಿ ಅಂತ ಬೋರ್ಡ್ ಹಾಕಿ ನಾಯಿಗೆ ತಲೆಗಿಷ್ಟು ಅಂತ ಕ್ಲೀನಿಂಗ್ ಫೀ ವಸೂಲಿ ಮಾಡೋವ್ರು ಒಂದು ರ‍್ಯಾಂಪ್ ಕೊಡೋದು ಬೇಡ್ವಾ? ಎರಡನೇದು ಮನೆ ಬ್ಯಾಟರಿ, ಅಂದ್ರೆ ಗಾಡಿಯ ಮನೆ ಭಾಗಕ್ಕೆ ಕರೆಂಟ್ ಕೊಡೋದು. ಹಗಲು ಎಷ್ಟು ಸುಟ್ರೂ ಅಲ್ಲಿ ರಾತ್ರಿ ತಣ್ಣಗಾಗುತ್ತೆ, ಹೀಟರ್ ಪ್ರೊಪೇನಲ್ಲಿ ಉರಿದ್ರೂ ಅದರ ಫ್ಯಾನಿಗೆ ಬ್ಯಾಟರಿ ಬೇಕು, ಬ್ಯಾಟರಿ ಸತ್ತು ಹೋಗೋ ಸ್ಥಿತೀಲಿತ್ತು, ಪ್ಲಗ್ ಇಲ್ಲದ ರಾತ್ರಿ ಹೀಟರ್ ಅರ್ಧಕ್ಕೇ ನಿಂತೋಯ್ತು. ಫೋನ್ ಮಾಡಿದ್ರೆ ಎಂಜಿನ್ ಆನ್ ಮಾಡಿ ಚಾರ್ಜ್ ಮಾಡ್ಕೊಳ್ಳಿ ಅಂದ್ರು. ತಗೊಳ್ಳೋವಾಗ್ಲೇ ಬ್ಯಾಟರಿ ಎಷ್ಟು ಹಳೇದು ಅಂತ ಕೇಳಿ.

ಒಳ್ಳೇದೂ ಹೇಳ್ಬೇಕು, ನೆಲ ಪೂರ್ತಿ ವಿನೈಲ್, ಕಾರ್ಪೆಟ್ ಇಲ್ಲ, ಮಣ್ಣು ಕೂದ್ಲು ಎಲ್ಲ ಒಂದು ಸಲ ಗುಡಿಸಿದ್ರೆ ಆಯ್ತು. ಊಟದ ಟೇಬಲ್ ಇಳಿಸಿ ಹಾಸಿಗೆ ಮಾಡಿದ್ರೆ ಅದ್ರ ಕೆಳಗೆ ಪುಟ್ಟಿಯ ಕ್ರೇಟ್ ಸರಿಯಾಗಿ ಕೂರುತ್ತೆ. ಓಡ್ತಿರುವಾಗ ನಾಯಿ ಸುಮ್ನೆ ಓಡಾಡ್ಕೊಂಡಿರೋಕೆ ಬಿಡ್ಬೇಡಿ ದಯವಿಟ್ಟು, ಬ್ರೇಕ್ ಹಾಕಿದ್ರೆ ಮುಂದಿನ ಗಾಜಿಗೇ ಬರುತ್ತೆ, ಕರಿಯನಿಗೆ ಹಾರ್ನೆಸ್ ಹಾಕಿ ಸೀಟ್ ಬೆಲ್ಟಿಗೆ ಸಿಗಿಸ್ತಿದ್ವಿ. ಅಡುಗೆಗೆ ಮೂರು ಬರ್ನರ್ ಪ್ರೊಪೇನ್ ಒಲೆ, ಉರಿ ಸಣ್ಣ, ಕುಕ್ಕರ್ ವಿಷಲ್ ಬರೋಕೆ ಟೈಮ್ ಹಿಡಿಯುತ್ತೆ ಆದ್ರೆ ಬರುತ್ತೆ. ಆ ಸೆಕೇಲಿ ಮಜ್ಜಿಗೆ ಹಾಕಿ ಶುಂಠಿ ತಂಬುಳಿ ಮಾಡ್ಕೊಂಡು ಅನ್ನ ಕಲ್ಸಿ ತಿಂದ್ರೆ ಬೇರೇನೂ ಬೇಡ ಅನ್ಸುತ್ತೆ. ನಾಯಿಗಳಿಗೂ ಬೆಳಿಗ್ಗೆ ಸ್ವಲ್ಪ ಮೊಸರನ್ನ, ಒಗ್ಗರಣೆ ಈರುಳ್ಳಿ ಏನೂ ಇಲ್ದೇ, ಈರುಳ್ಳಿ ನಾಯಿಗೆ ವಿಷ.

ಕ್ಯಾಂಪ್‌ಗ್ರೌಂಡ್‌ಗಳಲ್ಲಿ ನನ್ನ ಮಟ್ಟಿಗೆ ಫಸ್ಟ್ ಬರೋದು ಸೈಪ್ರೆಸ್ ಹಿಲ್ಸ್. ಮೆಡಿಸಿನ್ ಹ್ಯಾಟ್ ಆದ್ಮೇಲೆ ಹೈವೇ 41 ಹಿಡಿದು ದಕ್ಷಿಣಕ್ಕೆ ಹೋದ್ರೆ ಎಲ್ಕ್‌ವಾಟರ್ ಅನ್ನೋ ಸಣ್ಣ ಊರು. ಸುತ್ತ ಬಯಲಿಗಿಂತ ಆರ್ನೂರು ಮೀಟರ್ ಎತ್ತರ, ಹಿಮಯುಗದಲ್ಲಿ ಸುತ್ತೆಲ್ಲ ಹಿಮ ಮುಚ್ಚಿದ್ರೂ ಇದ್ರ ನೆತ್ತಿ ಮಾತ್ರ ಮುಚ್ಚಿರಲಿಲ್ಲವಂತೆ, ಅಲ್ಲಿ ಪೈನ್ ಕಾಡು, ಕೆರೆ, ತಂಪು. ಮಲೆನಾಡಿನವರಿಗೆ ಮರ ನೋಡಿದ ತಕ್ಷಣ ಉಸಿರು ಬಂದಂಗಾಗುತ್ತೆ. 1989ರಲ್ಲಿ ಆಲ್ಬರ್ಟಾ ಸಾಸ್ಕಾಚೆವನ್ ಎರಡೂ ಪ್ರಾಂತ್ಯ ಸೇರಿ ಇದನ್ನ ಕೆನಡಾದ ಮೊದಲ ಇಂಟರ್‌ಪ್ರಾವಿನ್ಶಿಯಲ್ ಪಾರ್ಕ್ ಮಾಡಿದ್ದು. ಕರೆಂಟು, ನೀರು, ಡ್ರೈನ್ ಮೂರೂ ಇರೋ ಸೈಟ್ ಸಿಗುತ್ತೆ. ಲೀಶ್ (ನಾಯಿ ಹಗ್ಗ) ಎರಡು ಮೀಟರ್ ಒಳಗೇ ಇರ್ಬೇಕು, ಈಜೋ ಬೀಚಿಗೆ ನಾಯಿ ಬಿಡಲ್ಲ, ಮಿಕ್ಕ ದಾರಿಗಳಲ್ಲಿ ಆರಾಮಾಗಿ ನಡೆಸಬಹುದು. ಒಂದೇ ಎಚ್ಚರಿಕೆ, ಸಾಸ್ಕಾಚೆವನ್ ಭಾಗಕ್ಕೆ ಹೋಗೋಕೆ ಮ್ಯಾಪು ಗ್ಯಾಪ್ ರೋಡ್ ಅಂತ ಹತ್ರದ ದಾರಿ ತೋರಿಸುತ್ತೆ, ಅದು ಮಣ್ಣಿನ ದಾರಿ, ಮೋಟರ್‌ಹೋಮಿಗಲ್ಲ. ವಾಪಸ್ ಹೈವೇ 1ಕ್ಕೆ ಬಂದು ಮೇಪಲ್ ಕ್ರೀಕ್ ಮೇಲೆ ಹೋಗಿ.

ಗ್ರಾಸ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್ ಬಗ್ಗೆ ಎಷ್ಟು ಬರೆದ್ರೂ ಕಮ್ಮಿ. ಸ್ವಿಫ್ಟ್ ಕರೆಂಟಿಂದ ಹೈವೇ 4ರಲ್ಲಿ ದಕ್ಷಿಣಕ್ಕೆ ಸುಮಾರು 120 ಕಿಲೋಮೀಟರ್ ಹೋದ್ರೆ ವಾಲ್ ಮಾರೀ ಅನ್ನೋ ಹಳ್ಳಿ, ಅಲ್ಲಿಂದ ಪಾರ್ಕಿನ ವೆಸ್ಟ್ ಬ್ಲಾಕ್. ಫ್ರೆಂಚ್‌ಮನ್ ವ್ಯಾಲಿ ಕ್ಯಾಂಪ್‌ಗ್ರೌಂಡಲ್ಲಿ ಎಲೆಕ್ಟ್ರಿಕ್ ಸೈಟ್ ಇದೆ, ಅದೇ ಅಲ್ಲಿ ನಾಯಿ ಇರೋವ್ರಿಗೆ ಜೀವದಾನ, ಯಾಕಂದ್ರೆ ಮರ ಅಂತ ಒಂದೂ ಇಲ್ಲ. ಪೆಟ್ರೋಲು, ನೀರು, ಸಾಮಾನು ಎಲ್ಲ ಸ್ವಿಫ್ಟ್ ಕರೆಂಟಲ್ಲೇ ತುಂಬ್ಕೊಳ್ಳಿ. ಒಳಗಿನ ರಸ್ತೆ ಜಲ್ಲಿ ರಸ್ತೆ, ಬಹಳ ಬಾಡಿಗೆ ಕಂಪನಿಗಳು ಜಲ್ಲಿ ರಸ್ತೆಗೆ ಬಿಡಲ್ಲ, ಕ್ಯಾಂಪ್‌ಗ್ರೌಂಡ್ ತನಕ ಹೋಗ್ಬಹುದು ಅಂತ ಬರವಣಿಗೇಲಿ ತಗೊಳ್ಳಿ, ನಾವು ಈಮೇಲಲ್ಲಿ ತಗೊಂಡಿದ್ವಿ. ಮಳೆ ಬಂದ್ರೆ ಪಕ್ಕದ ಮಣ್ಣಿನ ದಾರಿಗೆ ಇಳೀಲೇಬೇಡಿ, ಗದಗ ಕಡೆಯ ಎರೆಮಣ್ಣು ಮಳೇಲಿ ಕಾಲಿಗೆ ಹತ್ಕೊಳ್ಳೋ ಹಾಗೇ ಅಲ್ಲಿನ ಮಣ್ಣು ಚಕ್ರಕ್ಕೆ ಮೆತ್ಕೊಳ್ಳುತ್ತೆ.

ಅಲ್ಲಿ ಕಾಡೆಮ್ಮೆ, ಅಂದ್ರೆ ಬೈಸನ್, ತಮ್ಮಷ್ಟಕ್ಕೆ ಓಡಾಡ್ತಿರುತ್ತವೆ. ನೂರಿಪ್ಪತ್ತು ವರ್ಷದ ಹತ್ರ ಆ ಬಯಲಲ್ಲಿ ಅವು ಕಾಣೆಯಾಗಿದ್ವು, 2005ರಲ್ಲಿ ಎಲ್ಕ್ ಐಲ್ಯಾಂಡ್ ನ್ಯಾಷನಲ್ ಪಾರ್ಕಿಂದ ತಂದು ಮತ್ತೆ ಬಿಟ್ರು. ಸಂಜೆ ಗುಡ್ಡದ ಅಂಚಲ್ಲಿ ಒಂದು ಸಾಲು ನಡ್ಕೊಂಡು ಹೋಗೋದು ನೋಡಿ ನಾನು ಅತ್ತೇಬಿಟ್ಟೆ. ನೂರು ಮೀಟರ್ ದೂರ ಇರ್ಲೇಬೇಕು, ನಾಯಿ ಜೊತೆಗಿದ್ರೆ ಇನ್ನೂ ದೂರ, ಅವಕ್ಕೆ ನಾಯಿ ಅಂದ್ರೆ ತೋಳದ ಲೆಕ್ಕ. ಅಲ್ಲೇ ಪ್ರೇರಿ ಡಾಗ್ ಬಿಲಗಳು, ಕೆನಡಾದಲ್ಲಿ ಕಪ್ಪು ಬಾಲದ ಪ್ರೇರಿ ಡಾಗ್ ಕಾಡಲ್ಲಿರೋದು ಈ ಒಂದೇ ಪ್ರದೇಶದಲ್ಲಿ. ನೋಡೋಕೆ ಅಳಿಲಿನ ನೆಂಟರು, ಬಿಲದ ಬಾಯಲ್ಲಿ ನಿಂತು ಕೂಗ್ತಿರುತ್ತವೆ, ಪುಟ್ಟಿಗೆ ಹುಚ್ಚು ಹಿಡಿದಂಗಾಗಿತ್ತು. ಅವುಗಳ ಚಿಗಟದಿಂದ ಪ್ಲೇಗ್ ಹರಡೋ ಸಾಧ್ಯತೆ ಇದೆ, ಬಿಲದ ಹತ್ರ ನಾಯಿ ಒಯ್ಯಲೇಬೇಡಿ, ನಾವು ಗಾಡಿ ಕಿಟಕಿಯಿಂದಲೇ ತೋರಿಸಿದ್ದು. ರ‍್ಯಾಟಲ್‌ಸ್ನೇಕ್ ಹಾವೂ ಇದೆ, ಮುಳ್ಳಿನ ಕಳ್ಳಿ ನೆಲಕ್ಕೆ ಹತ್ಕೊಂಡೇ ಬೆಳೆದಿರುತ್ತೆ, ಪಾದಕ್ಕೆ ಚುಚ್ಚುತ್ತೆ. ಆದ್ರಿಂದ ಅಗಲವಾದ ದಾರೀಲಿ ಬೆಳಿಗ್ಗೆ ಬೇಗ ಮಾತ್ರ ವಾಕಿಂಗ್. ರಾತ್ರಿ ಆಕಾಶ ಮಾತ್ರ, ಅಬ್ಬಾ, 2009ರಿಂದ ಡಾರ್ಕ್ ಸ್ಕೈ ಪ್ರಿಸರ್ವ್ ಅದು, ಅಂದ್ರೆ ದೀಪದ ಬೆಳಕು ಬೀಳದಂಗೆ ರಾತ್ರಿ ಕತ್ತಲು ಕಾಪಾಡೋ ಜಾಗ, ಹಾಲುಹಾದಿ ಅಂಚಿಂದಂಚಿಗೆ ಕಾಣ್ಸುತ್ತೆ.

ಮೂಸ್ ಜಾ ಊರಲ್ಲಿ ಮ್ಯಾಕ್ ಅನ್ನೋ ದೊಡ್ಡ ಮೂಸ್ (ಜಿಂಕೆ ಜಾತಿಯ ಭಾರೀ ಪ್ರಾಣಿ) ಪ್ರತಿಮೆ ಇದೆ, 1984ರದ್ದು, ನಾರ್ವೇಲಿ ಅದಕ್ಕಿಂತ ಎತ್ತರದ್ದು ಕಟ್ಟಿದ್ರು ಅಂತ 2019ರಲ್ಲಿ ಇದಕ್ಕೆ ದೊಡ್ಡ ಕೊಂಬು ಹಾಕ್ಸಿದ್ರು. ನಿಲ್ಲಿಸೋಕೆ ಜಾಗ ಚೆನ್ನಾಗಿದೆ, ನಾಯಿ ಇಳಿಸಿ ಓಡಾಡಿಸಿ ಹೋಗಬಹುದು, ಅಷ್ಟೇ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಬಫಲೋ ಪೌಂಡ್ ಪಾರ್ಕು, ರೆಜೈನಾಕ್ಕೂ ಮೂಸ್ ಜಾಗೂ ಕುಡಿಯೋ ನೀರು ಬರೋದು ಆ ಕೆರೆಯಿಂದ. ಸೈಟ್ ಚೆನ್ನಾಗಿದೆ, ಆದ್ರೆ ಬೇಸಿಗೆ ಕೊನೆಗೆ ಪ್ರೇರೀಸ್ ಕೆರೆಗಳಲ್ಲಿ ನೀಲಿ ಹಸಿರು ಪಾಚಿ ಏಳುತ್ತೆ, ನೀರಿನ ಮೇಲೆ ಪೇಂಟ್ ಚೆಲ್ಲಿದಂಗೆ ಕಂಡ್ರೆ ನಾಯೀನ ಹತ್ರಾನೂ ಬಿಡ್ಬೇಡಿ, ಕುಡಿದ್ರೆ ಜೀವಕ್ಕೇ ಅಪಾಯ. ಲ್ಯಾಬ್ರಡಾರ್ ಇರೋವ್ರಿಗೆ ಇದು ಕಷ್ಟ ಅಂತ ಗೊತ್ತು, ನೀರು ಕಂಡ್ರೆ ಎಳೆಯುತ್ತೆ. ಕುಡಿಯೋಕೆ ಯಾವಾಗ್ಲೂ ಟ್ಯಾಂಕ್ ನೀರೇ ಕೊಡಿ.

ರೆಜೈನಾ ಸುತ್ತಮುತ್ತ ಹಳದಿ ಕನೋಲಾ (ಸಾಸಿವೆ ಜಾತಿಯ ಎಣ್ಣೆಕಾಳು) ಹೊಲದ ಮಧ್ಯ ಮೊಣಕಾಲೆತ್ತರದ ಮಸೂರ ಗಿಡಗಳು. ಕೆನಡಾದ ಮಸೂರ ಹೆಚ್ಚುಕಮ್ಮಿ ಎಲ್ಲ ಬೆಳೆಯೋದು ಸಾಸ್ಕಾಚೆವನ್ನಲ್ಲೇ, ಅದ್ರಲ್ಲಿ ಎಷ್ಟೋ ಇಂಡಿಯಾಕ್ಕೆ ಹೋಗುತ್ತೆ. ಅಮ್ಮಂಗೆ ವಿಡಿಯೋ ಕಾಲಲ್ಲಿ ತೋರಿಸಿದ್ರೆ, ಅಯ್ಯೋ ಇಷ್ಟೊಂದು ಬೇಳೇನಾ ಕೂಸೇ, ಮಧ್ಯ ಒಂದು ಮನೆನೂ ಕಾಣಲ್ವಲ್ಲ ಅಂದ್ರು.

ಮ್ಯಾನಿಟೋಬಾಕ್ಕೆ ಬಂದ್ಮೇಲೆ ಸ್ಪ್ರೂಸ್ ವುಡ್ಸ್ ಪಾರ್ಕು. ಅಲ್ಲಿ ಸ್ಪಿರಿಟ್ ಸ್ಯಾಂಡ್ಸ್ ಅಂತ ಮರಳ ದಿಬ್ಬಗಳಿವೆ, ನಾಯಿ ಕರ್ಕೊಂಡು ಹೋಗೋದಾದ್ರೆ ಬೆಳಿಗ್ಗೆ ಎಂಟರೊಳಗೆ, ಆಮೇಲೆ ಮರಳು ಪಾದ ಸುಡುತ್ತೆ, ಅಂಗೈ ಹಿಂಬದಿ ಐದು ಸೆಕೆಂಡ್ ಇಟ್ಟು ನೋಡಿ, ನಿಮ್ಗೆ ತಡೆಯಕ್ಕಾಗದಿದ್ರೆ ಅದಕ್ಕೂ ಆಗಲ್ಲ. ಕ್ಯಾಂಪ್‌ಗ್ರೌಂಡ್ ನೆರಳಿದೆ, ಕರೆಂಟಿದೆ. ಇಲ್ಲಿ ಉಣ್ಣೆ (ರಕ್ತ ಹೀರೋ ಉಣುಗು, ಟಿಕ್) ಜಾಸ್ತಿ. ನಾವು ಮಂಗನ ಕಾಯಿಲೆ ಊರಿನವರು, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಅದು ಮೊದಲು ಪತ್ತೆಯಾಗಿದ್ದು, ಉಣ್ಣೆ ಅಂದ್ರೆ ಚಿಕ್ಕಂದಿನಿಂದ ಭಯ ಇದೆ. ದಕ್ಷಿಣ ಮ್ಯಾನಿಟೋಬಾದಲ್ಲಿ ಲೈಮ್ ಕಾಯಿಲೆ ತರೋ ಕಪ್ಪು ಕಾಲಿನ ಉಣ್ಣೆ ಇದೆ. ಹೊರಡೋ ಮುಂಚೆನೇ ವೆಟ್ ಹತ್ರ ಉಣ್ಣೆ ಮಾತ್ರೆ ಕೊಡ್ಸಿ, ಪ್ರತೀ ವಾಕ್ ಆದ್ಮೇಲೆ ಕಿವಿ ಹಿಂದೆ, ಕಂಕುಳು, ಬೆರಳ ಸಂದಿ, ಕಾಲರ್ ಕೆಳಗೆ ಕೈಯಾಡಿಸಿ ನೋಡಿ. ಹಂಗೆ ನೋಡುವಾಗ್ಲೇ ಫಾಕ್ಸ್‌ಟೇಲ್ ಹುಲ್ಲಿನ ತೆನೇನೂ ಹುಡುಕಿ. ರಸ್ತೆ ಬದಿ, ರೆಸ್ಟ್ ಏರಿಯಾ, ಎಲ್ಲಾ ಕಡೆ ಬೆಳೆದಿರುತ್ತೆ, ಗಾಳಿಗೆ ಬೆಳ್ಳಿ ತರ ಹೊಳೆಯುತ್ತೆ. ಒಣಗಿದ ಮೇಲೆ ಅದ್ರ ಮೊನೆ ಚರ್ಮದೊಳಗೆ ಒಂದೇ ದಿಕ್ಕಿಗೆ ಹೋಗೋದು, ಹಿಂದಕ್ಕೆ ಬರಲ್ಲ, ಕಿವಿಗೋ ಮೂಗಿಗೋ ಹೋದ್ರೆ ವೆಟ್ಟೇ ತೆಗೀಬೇಕು.

ವಿನ್ನಿಪೆಗಲ್ಲಿ ಕಿಲ್ಕೋನಾ ಪಾರ್ಕ್ ಸಿಕ್ಕಿದ್ದು ಖುಷಿ, ದೊಡ್ಡ ಆಫ್ ಲೀಶ್ ಜಾಗ, ಅಷ್ಟು ದಿನ ಹಗ್ಗದಲ್ಲೇ ಇದ್ದ ಇಬ್ಬರೂ ಬಿಟ್ಟ ತಕ್ಷಣ ಸುಮ್ನೆ ಗೋಲಾಕಾರ ಓಡಿದ್ದೇ ಓಡಿದ್ದು, ಕರಿಯನೂ ಕಾಲುನೋವು ಮರೆತು ಓಡಿದ.

ಸಿಡಿಲು ಮಳೆ ಬಗ್ಗೆ ಹೇಳ್ದೇ ಮುಗಿಸಕ್ಕಾಗಲ್ಲ. ಮಧ್ಯಾಹ್ನದ ಮೇಲೆ ದೂರದಲ್ಲಿ ಮೋಡ ಏಳೋದು ಒಂದು ಗಂಟೆ ಮುಂಚೆನೇ ಕಾಣ್ಸುತ್ತೆ, ಬಂದ್ರೆ ಆಲಿಕಲ್ಲು ಸಮೇತ ಬರುತ್ತೆ. ಹೊರಗಿನ ಆನಿಂಗ್ (ಗಾಡಿ ಪಕ್ಕ ಚಾಚೋ ನೆರಳಿನ ಬಟ್ಟೆ) ಮೊದ್ಲು ಮಡಚಿ, ಗಾಳಿಗೆ ಕಿತ್ಕೊಂಡ್ರೆ ಬಿಲ್ ನಿಮ್ದೇ. ಚಾವಣಿ ಮೇಲೆ ಮಳೆ ಸದ್ದು ಜೋರು, ಪುಟ್ಟಿ ಬಾತ್‌ರೂಮಿಗೆ ಹೋಗಿ ಕೂತಳು, ಅಲ್ಲಿ ಕಿಟಕಿ ಸಣ್ಣ, ಅವಳಿಗೆ ಅದೇ ಗುಹೆ, ಒಂದು ಬೆಡ್‌ಶೀಟ್ ಅಲ್ಲೇ ಹಾಕಿಕೊಟ್ವಿ. ಟೊರ್ನಾಡೋ ವಾರ್ನಿಂಗ್ ಬಂದ್ರೆ ಮಾತ್ರ ಗಾಡೀಲಿ ಕೂರ್ಬೇಡಿ, ನಾಯಿ ಎತ್ಕೊಂಡು ಕ್ಯಾಂಪ್‌ಗ್ರೌಂಡಿನ ಗಟ್ಟಿ ಕಟ್ಟಡಕ್ಕೆ ಹೋಗಿ, ಯಾವ್ದು ಅಂತ ಹೋದ ದಿನಾನೇ ಕೇಳಿಟ್ಕೊಳ್ಳಿ.

ಸ್ಯಾನಿ ಡಂಪ್, ಅಂದ್ರೆ ಗಾಡಿಯ ಕೊಳಕು ನೀರಿನ ಟ್ಯಾಂಕ್ ಖಾಲಿ ಮಾಡೋ ಕೆಲ್ಸದ ಬಗ್ಗೆ ಜನ ಹೆದರಿಸ್ತಾರೆ, ಏನಿಲ್ಲ, ಗ್ಲೋವ್ಸ್ ಹಾಕಿ ಮೊದ್ಲು ಟಾಯ್ಲೆಟ್ ಟ್ಯಾಂಕ್ ಬಿಡೋದು, ಆಮೇಲೆ ಸಿಂಕ್ ನೀರಿನ ಟ್ಯಾಂಕ್, ಪೈಪ್ ತಾನೇ ತೊಳ್ಕೊಳ್ಳುತ್ತೆ.

ಸ್ಟಾರ್ ಕೊಡೋದಾದ್ರೆ ಗಾಡಿಗೆ 4, ಬಾಡಿಗೆ ಕಂಪನಿಗೆ 2, ಸೈಪ್ರೆಸ್ ಹಿಲ್ಸಿಗೂ ಫ್ರೆಂಚ್‌ಮನ್ ವ್ಯಾಲಿಗೂ 5. ನಾಯಿ ಇರೋವ್ರು ಜೂನ್ ಮೊದ್ಲಲ್ಲಿ ಅಥ್ವಾ ಸೆಪ್ಟೆಂಬರಲ್ಲಿ ಹೋಗಿ, ಸೆಕೆ ಕಮ್ಮಿ, ಸೆಪ್ಟೆಂಬರಲ್ಲಿ ಬಾಡಿಗೆನೂ ಇಳಿಯುತ್ತೆ, ಶಾಲೆ ಶುರುವಾಗಿ ಕ್ಯಾಂಪ್‌ಗ್ರೌಂಡ್ ಖಾಲಿ. ಜುಲೈಲೇ ಹೋಗ್ಬೇಕು ಅಂದ್ರೆ ಪಾರ್ಕ್ಸ್ ಕೆನಡಾ ಬುಕಿಂಗ್ ವರ್ಷದ ಮೊದಲ ತಿಂಗಳುಗಳಲ್ಲೇ ಓಪನ್ ಆಗುತ್ತೆ, ಎಲೆಕ್ಟ್ರಿಕ್ ಸೈಟ್ ಮೊದ್ಲು ಹಿಡೀರಿ, ಗಾಡಿ ಆಮೇಲೆ ನೋಡಿದ್ರಾಯ್ತು.